ಮೇಣದ ಹನಿಗೆ ನನ್ನ ಸ್ವಂತ ದನಿ

ನನ್ನ ಹೆಂಡತಿಯ ಅಪ್ಪನದು ಕಲ್ಯಾಣ ಸ್ಟೇಷನ್ನಿನ ಹತ್ತಿರ ಉಡುಪಿ ಹೋಟೆಲು. ನಾನು ಡೊಂಬಿವಲಿಯಲ್ಲೇ ಹುಟ್ಟಿದ ವಿಜಯಪುರದವರ ಮಗ. ಆಫೀಸಿನ ಸಾಹೇಬರಿಂದ ಹಿಡಿದು ಸ್ವಂತ ಮಾವನವರೆಗೆ ಎಲ್ಲರ ದನಿಯನ್ನೂ ಅಣಕಿಸುತ್ತ ತಿರುಗುವವನು. ತಾಳಿ ಕಟ್ಟುವಾಗಲೂ ಪುರೋಹಿತರ ಹಾಗೆ ಕೆಮ್ಮಿ ಅವ್ವನಿಂದ ತೊಡೆ ಚಿವುಟಿಸಿಕೊಂಡಿದ್ದೆ.

ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ, ಮೊಬೈಲಿನಲ್ಲಿ ಎಲ್ಲೋ ಓದಿ, ಇಬ್ಬರಿಗೂ ಒಂದು ಕುತೂಹಲ ಹತ್ತಿತು. ಕರಗಿದ ಮೇಣವನ್ನು ಒಬ್ಬರ ಮೈಮೇಲೆ ಒಬ್ಬರು ಹನಿಸಿ, ಆ ಗಳಿಗೆಯ ಬಿಸಿಯನ್ನು ಸವಿಯುವ ಆಟ. ಓದಿದ್ದು ಅರ್ಧ ಮಾತ್ರ. ಎಚ್ಚರಿಕೆಗಳೆಲ್ಲ ಉಳಿದರ್ಧದಲ್ಲಿದ್ದವು.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಅವ್ವ ಅಂಬರನಾಥದ ಶಿವನ ಗುಡಿಗೆ ಹೋದರು. ಮಧ್ಯಾಹ್ನ ಹಳಿ ದುರಸ್ತಿಯ ಮೆಗಾಬ್ಲಾಕ್, ರೈಲು ಇಲ್ಲ, ಬೇಗ ಬರುವ ಭಯವೂ ಇಲ್ಲ. ಘೋಡಬಂದರ್ ರಸ್ತೆಯ ಮಾಲಿನಿಂದ ತಂದಿದ್ದ, ಗಾಜಿನ ಲೋಟದಲ್ಲಿ ಕೂತ, ಮಲ್ಲಿಗೆ ವಾಸನೆಯ ಕೆಂಪು ಮೇಣದಬತ್ತಿ ಹಚ್ಚಿದೆವು.

ಮೊದಲ ಹನಿ ನನ್ನ ಬೆನ್ನಿಗೆ ಬಿತ್ತು. ಸುಮ್ಮನಿರುವ ಜಾಯಮಾನ ನನ್ನದಲ್ಲವಲ್ಲ, ಮಾವನ ದನಿ ತೆಗೆದೆ: "ಅಯ್ಯಯ್ಯೋ, ಕಾವಲಿ ಕಾದಿದೆ ಮಾರಾಯ, ನೀರು ಹಾಕು!" ಅವಳು ಬಿದ್ದು ಬಿದ್ದು ನಕ್ಕಳು. ಲೋಟ ವಾಲಿತು. ಬಿದ್ದದ್ದು ಹನಿಯಲ್ಲ, ಧಾರೆ.

"ಸಾಕು! ಉರೀತೈತಿ, ನಿಲ್ಲಸು!"

"ಇದು ಯಾರ ದನಿ ಮಾರಾಯ್ರೆ? ಸೊಸೈಟಿ ಸೆಕ್ರೆಟರಿದಾ?"

"ನಂದು! ಖರೇನ ನಂದು!"

ಅದನ್ನೂ ಅಣಕವೆಂದೇ ತಿಳಿದು ಇನ್ನಷ್ಟು ಸುರಿದಳು. ನಾನು ಹೊರಳಿದಾಗ ನನ್ನ ಕಣ್ಣಲ್ಲಿ ನೀರು ಕಂಡು ಅವಳ ಮುಖ ಬಿಳಿಚಿಕೊಂಡಿತು. ಬಚ್ಚಲಿಗೆ ಎಳೆದೊಯ್ದು ನಲ್ಲಿಯ ಕೆಳಗೆ ಬಗ್ಗಿಸಿ ಕೂರಿಸಿದಳು.

"ಟೂತ್‌ಪೇಸ್ಟ್ ಹಚ್ಚ," ಎಂದೆ.

"ಅದು ಹಲ್ಲಿಗೆ. ಐಸೂ ಬೇಡ. ಹೋಟೆಲಲ್ಲಿ ಸುಟ್ಟುಕೊಂಡವರನ್ನು ನಾನೆಷ್ಟು ನೋಡ್ಲಿಲ್ಲ? ತಣ್ಣೀರು ಹರೀಲಿ, ಇಪ್ಪತ್ತು ನಿಮಿಷ. ಸುಮ್ನೆ ಕೂತ್ಕೊಳ್ಳಿ."

ಎದ್ದ ಬೊಕ್ಕೆಯನ್ನು ಒಡೆಯಲು ಬಿಡಲಿಲ್ಲ. ಗಾಯ ವಾರದಲ್ಲಿ ಮಾಯಿತು. ಮಾಯದೆ ಉಳಿದದ್ದು ಬೇರೆಯದೇ. ಅವಳು ಹಾಸಿಗೆಯ ಆ ತುದಿಗೆ ಸರಿದು, ಎರಡೂ ಕೈಗಳನ್ನು ತನ್ನ ಕೆನ್ನೆಯಡಿ ಬಚ್ಚಿಟ್ಟುಕೊಂಡು ಮಲಗತೊಡಗಿದಳು. ಆಟ ಹಾಳಾಗಿ ಹೋಗಲಿ. ಆ ಕೈಗಳೇ ಇನ್ನು ನನ್ನ ಕಡೆ ಬಾರವೇನೋ ಎಂಬ ಹೆದರಿಕೆ ನನಗೆ.

"ಮುಟ್ಟಿದ್ರ ಸಾಯೂದಿಲ್ಲ ನಾ," ಎಂದೆ ಒಂದು ಸಂಜೆ.

"ನಿಮಗೆ ನೋವಾದ್ರೆ ನಂಗೆ ಗೊತ್ತಾಗೋದಿಲ್ಲಲ್ಲ. ಮತ್ತೆ ಹೇಗೆ ಮುಟ್ಟುದು?"

ಮೊಬೈಲು ತೆಗೆದೆ. ಓದದೆ ಬಿಟ್ಟಿದ್ದ ಅರ್ಧವನ್ನು ಅವಳ ಪಕ್ಕದಲ್ಲೇ ಕೂತು ಓದಿದೆ. ವಾಸನೆಯ, ಬಣ್ಣದ ಬತ್ತಿ ಬೇಡ. ಅದು ಹೆಚ್ಚು ಬಿಸಿಯಾಗಬಹುದು. ಜೇನುಮೇಣವಂತೂ ಬೇಡವೇ ಬೇಡ. ಮೈಗೆಂದೇ ಮಾಡಿದ, ಬೇಗ ಕರಗುವ ಸೋಯಾ ಮೇಣ ತರಿಸಬೇಕು. ಗಾಜಿನಲ್ಲಿ ಕುದಿದು ನಿಂತದ್ದನ್ನು ಸುರಿಯಬಾರದು. ಮುಖ, ಕುತ್ತಿಗೆ, ನಾಜೂಕಾದ ಜಾಗಗಳಿಗೆ ತಾಗಿಸಬಾರದು. ಕುಡಿದು ಆಡಬಾರದು.

"ಎತ್ತರದಿಂದ ಬಿಡಬೇಕಂತ," ಎಂದು ಓದಿದಾಗ ಅವಳು ತಟ್ಟನೆ ಎದ್ದು ಕೂತಳು.

"ಅದು ನಂಗೊತ್ತುಂಟು! ಅಪ್ಪ ಕಾಫಿ ಎತ್ತಿ ಹೊಯ್ಯುದು ಶೋಕಿಗಾ? ಆರ್ಲಿ ಅಂತ."

ಆಮೇಲೆ ಆ ಆಟದ ಯಜಮಾನಿಕೆ ಅವಳದೇ ಆಯಿತು. ಅಪ್ಪ ಅವ್ವ ನವಿ ಮುಂಬಯಿಯ ಸೋದರತ್ತೆಯ ಮನೆಗೆ ಹೋದ ದಿನ, ಬೆಂಕಿ ತಾಗೀತೆಂದು ನೈಲಾನ್ ನೈಟಿ ಹೋಗಿ ಹಳೆಯ ಹತ್ತಿ ಸೀರೆ ಬಂತು, ಜಡೆ ತುರುಬಾಯಿತು, ಮಗ್ಗುಲಲ್ಲಿ ಒಂದು ಬಕೆಟ್ ನೀರು. ಜ್ವಾಲೆ ಹೊಯ್ದಾಡದಿರಲಿ ಎಂದು ಡೊಂಬಿವಲಿಯ ಮೇ ತಿಂಗಳಲ್ಲಿ ಫ್ಯಾನು ಬಂದ್. ಬತ್ತಿ ಹಚ್ಚುವ ಮೊದಲೇ ನಾನು ಕರಗಿದ್ದೆ. ಆಮೇಲೆ ಮೇಣ ಸುಲಭವಾಗಿ ಏಳಲೆಂದು ಮೈಗೆ ತೆಳ್ಳಗೆ ಕೊಬ್ಬರಿ ಎಣ್ಣೆ. ಎಬ್ಬಿಸಲು ನನ್ನ ಲೋಕಲ್ ರೈಲು ಪಾಸಿನ ಪ್ಲಾಸ್ಟಿಕ್ ಕವರು.

"ಬತ್ತಿ ಉರಿಯುವಷ್ಟು ಹೊತ್ತು ಯಾರ ಅಣಕವೂ ಇಲ್ಲ," ಎಂದಳು. "ಸಾಕಾದ್ರೆ ಒಂದೇ ಶಬ್ದ ಹೇಳಿ. ಠಾಕುರ್ಲಿ."

ಫಾಸ್ಟ್ ಲೋಕಲ್ ನಿಲ್ಲದ ಸ್ಟೇಷನ್ ಅದು. ನಮ್ಮ ಮನೆಯಲ್ಲಿ ಮಾತ್ರ ಆ ಹೆಸರು ಕೇಳಿದರೆ ಎಲ್ಲವೂ ನಿಲ್ಲಬೇಕು, ಹೇಳಿದವರು ಯಾರೇ ಆಗಲಿ.

ಮೊದಲ ಹನಿಯನ್ನು ತನ್ನ ಮಣಿಕಟ್ಟಿನ ಒಳಗೇ ಬಿಟ್ಟುಕೊಂಡು ನೋಡಿದಳು, ಮಗುವಿನ ಹಾಲು ನೋಡುವ ಹಾಗೆ. ಆಮೇಲೆ ಕೈ ಎತ್ತಿ, ಥೇಟ್ ಅಪ್ಪನ ಮಗಳಾಗಿ, ನನ್ನ ತೋಳಿಗೊಂದು ಹನಿ.

"ಹೇಗುಂಟು?"

ಮಾವನ ದನಿ ಗಂಟಲಿಗೆ ಬಂದಿತ್ತು. ನುಂಗಿದೆ. "ಬೆಚ್ಚಗೈತಿ. ಚಲೋ ಐತಿ."

"ಇದು ಯಾರ ದನಿ?"

"ನಂದು."

"ಅಷ್ಟೇನೂ ಚಂದ ಇಲ್ಲ ಮಾರಾಯ್ರೆ," ಎಂದು, ಇನ್ನೊಂದು ಕೈಯನ್ನು ಬೆನ್ನಿನ ಹಳೆಯ ಕಲೆಯ ಮೇಲೆ ಇಟ್ಟು, ಹಾಗೆಯೇ ಬಿಟ್ಟಳು.