ಆಚೆ ದಡದ ಕೂ

ಕಳೆದ ಭಾನುವಾರ ಮಧ್ಯಾಹ್ನದ ಆಟಕ್ಕೆ ನಾನು ಕುಂದಾಪುರದ ಥಿಯೇಟರಿನೊಳಗೆ, ಎಡಬದಿಯ ಬಾಗಿಲ ಪಕ್ಕ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ನನ್ನ ಕುರ್ಚಿ ಖಾಲಿ ಇತ್ತು, ಆದರೆ ಕೂರಲು ಮನಸ್ಸಾಗಲಿಲ್ಲ. ಹತ್ತಿರದ ಸಾಲಿನಲ್ಲಿ ಗಂಗೊಳ್ಳಿ ಕಡೆಯ ನಾಲ್ಕೈದು ಜನ ಕುಳಿತಿದ್ದರು. ಮಳೆಗಾಲಕ್ಕೆಂದು ದಡಕ್ಕೆಳೆದ ದೋಣಿಗೆ ಎಣ್ಣೆ ಬಳಿದು ನೇರ ಬಂದಿದ್ದರೋ ಏನೋ, ಅವರ ಕೈಗಳಿಂದ ಮೀನೆಣ್ಣೆಯ ವಾಸನೆ ಬರುತ್ತಿತ್ತು. ಆ ವಾಸನೆಗೆ ನಮ್ಮೂರ ದೋಣಿಯಜ್ಜ ನನ್ನ ಬದಿಗೇ ಬಂದು ನಿಂತ ಹಾಗಾಯಿತು...

ಸಿನಿಮಾ ಹಳೆಯದು. ಸುಮಾರು ಹತ್ತು ವರ್ಷದ ಮೇಲೆ ಮತ್ತೆ ಬಿಡುಗಡೆಯಾಗಿದೆ. ಮನೆ ಬಿಟ್ಟು ಒಬ್ಬನೇ ಕಾಡು ಹೊಕ್ಕು ಅಲೆಯುವ ಹುಡುಗನ ಕಥೆ. ಕೊನೆಯಲ್ಲಿ ಅವನು ಜ್ವರದಿಂದ ನಡುಗುತ್ತ ಹೊಳೆಯ ದಡಕ್ಕೆ ಬರುತ್ತಾನೆ. ಆಚೆ ದಡದಲ್ಲಿ ಖಾಲಿ ದೋಣಿಯೊಂದು ಕಟ್ಟಿರುತ್ತದೆ. ಅದನ್ನು ನೋಡಿ ಮೂರು ಸಲ ಕೂ ಹಾಕುತ್ತಾನೆ. ಯಾರೂ ಓಗೊಡುವುದಿಲ್ಲ. ಅಲ್ಲಿಗೆ ಅವನ ಕಥೆ ಮುಗಿಯುತ್ತದೆ.

ಆ ಖಾಲಿ ದೋಣಿ ನಮ್ಮ ದೋಣಿಯಜ್ಜನದು.

ಹಾಲಾಡಿಯಿಂದ ಮೇಲಕ್ಕೆ, ಹೊಳೆಯ ಬದಿಯಲ್ಲಿ ನಮ್ಮ ಮನೆ. ಅಜ್ಜನ ಮನೆ ಅದಕ್ಕೆ ತಾಗಿಕೊಂಡೇ ಇತ್ತು. ಅವರು ಪ್ರಾಯವಿಡೀ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದ ಜಾಗಕ್ಕೆ ಕಡವು ಎನ್ನುತ್ತಿದ್ದೆವು. ಆಚೆ ದಡದಲ್ಲಿ ಕಾಡು, ಅದರ ಹಿಂದೆ ಘಾಟಿ. ದಾಟಬೇಕಾದವರು ಆಚೆ ನಿಂತು ಕೂ ಹಾಕಬೇಕು, ಈಚೆಯಿಂದ ಅಜ್ಜ ಮರಳಿ ಕೂ ಕೊಡಬೇಕು. ದೋಣಿ ತಡವಾದರೂ ಆದೀತು, ಕೂ ತಡವಾಗಬಾರದು. ಊಟಕ್ಕೆ ಕೂತಿದ್ದರೂ ತುತ್ತು ಕೆಳಗಿಟ್ಟು ಅಂಗಳಕ್ಕೆ ಬಂದು ಓಗೊಟ್ಟು ಹೋಗುತ್ತಿದ್ದರು. ಕೆಳಗಡೆ ಸೇತುವೆಯಾದ ಮೇಲೆ ಕರೆಯುವವರು ಇಲ್ಲವಾದರು. ಆದರೂ ದೋಣಿಗೆ ವರ್ಷ ವರ್ಷ ಗಂಗೊಳ್ಳಿಯಿಂದ ಮೀನೆಣ್ಣೆ ತರಿಸಿ ಬಳಿಯುವುದನ್ನು ಅವರು ಬಿಡಲಿಲ್ಲ. ಸಿನಿಮಾದವರು ಬಂದು ದೋಣಿ ಕೇಳಿದಾಗ ಮಗಳ ಮದುವೆಗೆ ಗಂಡು ಬಂದಷ್ಟು ಖುಷಿಪಟ್ಟರು. ಕ್ಯಾಮೆರಾ ನಿಲ್ಲಿಸಲು ಸಿನಿಮಾದವರು ದೋಣಿಗೆ ಎರಡು ತೂತು ಕೊರೆದು, ಹೋಗುವಾಗ ಬಟ್ಟೆ ತುರುಕಿ ಹೋದರು.

ಸಿನಿಮಾ ಬಂದಾಗ ಅಜ್ಜ ನನ್ನನ್ನು ಕರೆದರು. "ದೋಣಿ ಕಾಂಬುಕೆ ಹೋಪ, ಬಾ. ಹೀರೋನ್ನ ನೀನ್ ಕಾಣ್, ದೋಣಿ ನಾನ್ ಕಾಂತೆ."

ಇದೇ ಥಿಯೇಟರು. ಅಜ್ಜ ಮುಂದಿನ ಕುರ್ಚಿಯ ಬೆನ್ನು ಹಿಡಿದು ಕುಳಿತಿದ್ದರು. ದೋಣಿ ಬಂದ ಕೂಡಲೇ, "ಹಗ್ಗ ಕಟ್ಟದ್ ಕಾಣ್, ಒಂದ್ ಅಲೆಗೆ ಬಿಚ್ಚಿ ಹೋತ್ತ್" ಎಂದು ಗೊಣಗಿದರು. ಹುಡುಗ ಮೊದಲ ಕೂ ಹಾಕಿದಾಗ ಸುಮ್ಮನಿದ್ದರು. ಎರಡನೆಯದಕ್ಕೆ ಕುರ್ಚಿಯ ತುದಿಗೆ ಸರಿದರು. ಮೂರನೆಯದಕ್ಕೆ ಎದ್ದು ನಿಂತರು. ಅಷ್ಟು ದೊಡ್ಡ ಸ್ವರ ಆ ಮೈಯಲ್ಲಿ ಇನ್ನೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಕೂ... ಬಂದೆ, ಅಲ್ಲೇ ಇರ್."

ಥಿಯೇಟರಿಗೆ ಥಿಯೇಟರೇ ನಕ್ಕಿತು. ಹಿಂದಿನಿಂದ ಒಬ್ಬ, "ಹ್ವಾಯ್ ಅಜ್ಜಯ್ಯ, ಅದ್ ಪರದೆ ಮಾರ್ರೆ, ದಾಟುಕ್ ಆತಿಲ್ಲೆ" ಎಂದ. ಅಜ್ಜ ಕೂರಲಿಲ್ಲ. ಪರದೆಯ ಮೇಲೆ ಆ ಹುಡುಗ ಮರಳಿನಲ್ಲಿ ಒರಗಿದ. ನಗು ತಾನಾಗಿ ನಿಂತುಹೋಯಿತು.

ಬಸ್ಸಿನಲ್ಲಿ ಅವರು ಹೇಳಿದ್ದು ಒಂದೇ ಮಾತು. "ಸಿನಿಮಾ ಅಂದೇಳಿ ಗೊತ್ತಿತ್ತ್. ಯಾರಾರೂ ಮೂರ್ ಸಲ ಕರ್ದ ಮೇಲೆ ಸುಮ್ನೆ ಕೂಕಂಬುದ್ ಹ್ಯಾಂಗೆ?"

ಥಿಯೇಟರಿನಲ್ಲಿ ಅಜ್ಜ ಓಗೊಟ್ಟದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ವಾರದೊಳಗೆ ಪ್ರತಿ ಆಟದಲ್ಲೂ ಮೂರನೆಯ ಕೂಗೆ ಅಭಿಮಾನಿಗಳು ಎದ್ದು ನಿಂತು ಅಜ್ಜನ ಹಾಗೆ ಓಗೊಡತೊಡಗಿದರು. ಆಮೇಲೆ ನಮ್ಮೂರಿಗೇ ಬಂದರು. ಬೈಂದೂರಿನಿಂದ, ಬ್ರಹ್ಮಾವರದಿಂದ, ಬೈಕುಗಳಲ್ಲಿ, ಹೀರೋನಂತೆ ತಲೆಗೆ ಕೆಂಪು ಬಟ್ಟೆ ಸುತ್ತಿಕೊಂಡು. ದೋಣಿಗೆ ಹಾರ ಹಾಕಿದರು. ಒಂದು ಗುಂಪು ಅದರ ಮೂತಿಗೆ ಹಾಲೆರೆಯಿತು. ಅಜ್ಜ ನೋಡುತ್ತಿದ್ದು, "ಮೀನೆಣ್ಣೆ ಕುಡ್ದ್ ಬೆಳ್ದದ್ದ್ ಮಕ್ಳೆ ಅದ್. ಹಾಲ್ ದಕ್ಕುದಿಲ್ಲೆ" ಎಂದರು. ಹುಡುಗರು ನಕ್ಕು ಅವರ ಕಾಲು ಮುಟ್ಟಿದರು. ಕೆಟ್ಟ ಹುಡುಗರಲ್ಲ. ಕೆಲವರು ದೋಣಿಯ ಬದಿಯಲ್ಲಿ ಕುಳಿತು ನಿಜವಾಗಿ ಅಳುತ್ತಿದ್ದರು.

ಸೇತುವೆ ದಾಟಿ ಆಚೆ ದಡಕ್ಕೆ ಹೋಗಿ ಕೂ ಹಾಕುವ ಆಟ ಆಮೇಲೆ ಶುರುವಾಯಿತು. ಅಜ್ಜ ಓಗೊಟ್ಟು, ಬಿದಿರ ಗಳ ಊರುತ್ತ ದೋಣಿ ತೆಗೆದುಕೊಂಡು ಹೋಗುವರು. ಹುಡುಗರು ವಿಡಿಯೋ ಮಾಡಿಕೊಂಡು, ಕೈಮುಗಿದು, ಬೈಕು ಹತ್ತುವರು. ಅಜ್ಜ ಖಾಲಿ ದೋಣಿಯಲ್ಲಿ ಮರಳುವರು. ದಿನಕ್ಕೆ ಎಷ್ಟೋ ಸಲ. ಅವರ ಸ್ವರ ಒಡೆಯಿತು, ಕೆಮ್ಮು ಹಿಡಿಯಿತು.

ಕಡವಿನ ಚಾ ಅಂಗಡಿಯ ಗಿರಿಜಕ್ಕ ತಾಳಲಾರದೆ ಒಂದು ದಿನ ಹೇಳಿಯೇಬಿಟ್ಟಳು. "ಅವ್ರಿಗೆ ವಿಡಿಯೋ ಸಿಕ್ತ್, ನಿಮ್ಗೆ ಕೆಮ್ಮ್ ಸಿಕ್ತ್. ಇನ್ನಾದ್ರೂ ಸುಮ್ನೆ ಕೂಕಣಿ ಅಜ್ಜಯ್ಯ."

"ಆಟಕ್ ಕರ್ದದ್ದೋ, ಜೀವಕ್ ಕರ್ದದ್ದೋ ಅಂದೇಳಿ ಈಚಿಂದ ಹ್ಯಾಂಗ್ ಗೊತ್ತಾತ್ತ್ ಗಿರಿಜಾ?" ಎಂದರು ಅಜ್ಜ.

ಮುಂಗಾರು ಹಿಡಿದ ವಾರ. ಘಾಟಿಯ ಮೇಲೆ ಮಳೆ ಬಿದ್ದು ಹೊಳೆ ಕೆಂಪಾಗಿತ್ತು. ಹೊತ್ತು ಕಂತುವ ಸಮಯ, ನಾನು ಗಿರಿಜಕ್ಕನ ಅಂಗಡಿಯ ಬೆಂಚಿನ ಮೇಲಿದ್ದೆ. ಆಚೆಯಿಂದ ಕೂ ಬಂತು. ಗಿರಿಜಕ್ಕ ಲೋಟ ತೊಳೆಯುತ್ತಲೇ, "ಬಂದ್ರ್ ಕಾಣಿ, ಈ ಮಳೆಯಗೂ ಬಿಡುದಿಲ್ಲೆ" ಎಂದಳು. ಇನ್ನೊಂದು ಕೂ. ಅಜ್ಜ ಒಡೆದ ಸ್ವರದಲ್ಲೇ ಓಗೊಟ್ಟು ದೋಣಿಯ ಹಗ್ಗ ಬಿಚ್ಚತೊಡಗಿದ್ದರು. ತಡೆದರೆ ನಿಲ್ಲುವವರಲ್ಲ. ನಾನೂ ಹತ್ತಿದೆ.

ನಡುನೀರಿನಲ್ಲಿ ಗಳಕ್ಕೆ ನೆಲ ಸಿಗಲಿಲ್ಲ. ದೋಣಿ ಓರೆಯಾಗಿ ಕೆಳಕ್ಕೆ ಜಾರಿತು. ಸಿನಿಮಾದವರು ತುರುಕಿದ ಬಟ್ಟೆ ಕಿತ್ತು ಎರಡೂ ತೂತಿನಿಂದ ನೀರು ಏರುತ್ತಿತ್ತು. ನಾನು ತಗಡಿನ ಡಬ್ಬಿಯಲ್ಲಿ ಎತ್ತಿ ಎತ್ತಿ ಚೆಲ್ಲುತ್ತಿದ್ದೆ. ಅಜ್ಜ ಗಳ ಬಿಟ್ಟು ಹುಟ್ಟು ಹಿಡಿದರು. ಪ್ರತಿ ಎಳೆತಕ್ಕೊಮ್ಮೆ ಕೂ ಕೊಡುತ್ತಿದ್ದರು. ಆಚೆಯ ಕೂ ಸಣ್ಣದಾಗುತ್ತಾ ಬಂತು, ಆಮೇಲೆ ಕೇಳಲೇ ಇಲ್ಲ. ಅಜ್ಜ ನಿಲ್ಲಿಸಲಿಲ್ಲ.

ದಡದ ಬೇರುಗಳ ನಡುವೆ ಅವನಿದ್ದ. ಇಪ್ಪತ್ತು ದಾಟಿರದ ಹುಡುಗ, ಬ್ರಹ್ಮಾವರದವನು. ತಲೆಗೆ ಕೆಂಪು ಬಟ್ಟೆ. ಹೀರೋನ ಹಾಗೆ ಒಬ್ಬನೇ ಕಾಡು ಹೊಕ್ಕು, ಬಂಡೆಯ ಮೇಲೆ ಜಾರಿ ಕಾಲು ಮುರಿದುಕೊಂಡು, ತೆವಳುತ್ತಾ ಇಳಿದು ಬಂದಿದ್ದ. ಮೈ ಸುಡುತ್ತಿತ್ತು. ದೋಣಿಯಲ್ಲಿ ಮಲಗಿಸಿದಾಗ ಕಣ್ಣು ತೆರೆದು, "ಯಾರೂ ಬತ್ತಿಲ್ಲೆ ಅಂದೇಳಿ ಮಾಡಿದ್ದೆ ಅಜ್ಜಯ್ಯ. ಸಿನಿಮಾದಗೆ ಯಾರೂ ಬರ್ಲಿಲ್ಲೆ ಅಲ್ದಾ?" ಎಂದ.

"ಅದ್ ಸಿನಿಮಾದ್ ಕಡವು ಮಗಾ," ಎಂದರು ಅಜ್ಜ. "ಇದ್ ನಂದ್."

ಈಚೆ ದಡದಲ್ಲಿ ಗಿರಿಜಕ್ಕ ಸೊಂಟದವರೆಗೆ ನೀರಿಗಿಳಿದು, ಟಾರ್ಚು ಎತ್ತಿ ಹಿಡಿದು ನಿಂತಿದ್ದಳು. ಅವಳೂ ಕೂ ಹಾಕುತ್ತಿದ್ದಳು. ಆ ಬೆಳಕು, ಆ ಕೂ ಇಲ್ಲದಿದ್ದರೆ ನಮಗೆ ದಡ ಸಿಗುತ್ತಿತ್ತೆಂದು ನಾನು ಇಂದಿಗೂ ಹೇಳಲಾರೆ.

ಆ ಸಂಜೆಯ ನಂತರ ಅಜ್ಜನ ಸ್ವರ ಮರಳಲಿಲ್ಲ. ಕೆಮ್ಮು ಎದೆಗಿಳಿಯಿತು. ಮಲಗಿದಲ್ಲಿಂದಲೇ ಆಚೆಯ ಕೂ ಕೇಳಿದರೆ ಪಕ್ಕದ ಹಿತ್ತಾಳೆ ತಟ್ಟೆ ಬಡಿಯುತ್ತಿದ್ದರು. ಆ ಸದ್ದು ಹೊಳೆಯವರೆಗೆ ಮುಟ್ಟುತ್ತಿರಲಿಲ್ಲ. ಅದು ಗೊತ್ತಿದ್ದ ಗಿರಿಜಕ್ಕ ಅಂಗಡಿಯಿಂದ ಎದ್ದು ಓಗೊಡುತ್ತಿದ್ದಳು. ಆಗ ಮಾತ್ರ ಅವರು ತಟ್ಟೆ ಕೆಳಗಿಡುತ್ತಿದ್ದರು... ದೀಪಾವಳಿಗೆ ಮೊದಲೇ ಹೋದರು.

ಕಳೆದ ಭಾನುವಾರವೂ ಮೂರನೆಯ ಕೂಗೆ ಥಿಯೇಟರು ಎದ್ದು ನಿಂತಿತು. ಮೊದಲ ಬಿಡುಗಡೆಯ ಕಾಲಕ್ಕೆ ಶಾಲೆಗೆ ಹೋಗುತ್ತಿದ್ದಿರಬಹುದಾದ ಹುಡುಗರು, ತಲೆಯಲ್ಲಿ ಕೆಂಪು ಬಟ್ಟೆ, ಒಂದೇ ಗಂಟಲಿನಲ್ಲಿ: "ಕೂ... ಬಂದೆ, ಅಲ್ಲೇ ಇರ್." ಶಿಳ್ಳೆ, ನಗು, ಮೊಬೈಲುಗಳ ಬೆಳಕು. ಅದು ಯಾರ ಮಾತೆಂದು ಅವರಲ್ಲಿ ಒಬ್ಬರಿಗಾದರೂ ಗೊತ್ತಿತ್ತೋ ಇಲ್ಲವೋ. ನನ್ನ ಪಕ್ಕದಲ್ಲಿ, ಅದೇ ಗೋಡೆಗೆ ಒರಗಿ, ಅಂದು ಮುರಿದ ಕಾಲಿಗೆ ಭಾರ ಕೊಡದೆ ನಿಂತಿದ್ದ ಬ್ರಹ್ಮಾವರದವನು ಪರದೆಯ ಮೇಲಿನ ದೋಣಿಗೆ ಕೈಮುಗಿದ.

ಹೊರಗೆ ಬಂದಾಗ ಅವನು ಕೇಳಿದ್ದು ಇಷ್ಟೇ: "ಗಿರಿಜಕ್ಕ ಹ್ಯಾಂಗಿದ್ರ್?"

ಅಜ್ಜ ಇಲ್ಲ. ದೋಣಿಯನ್ನು ಆ ಮರುವರ್ಷದ ನೆರೆ ಕೊಂಡೊಯ್ದಿತು. ಆ ಸಂಜೆಯನ್ನು ಕಂಡವರು ಇನ್ನೂ ಮೂವರಿದ್ದೇವೆ. ಬ್ರಹ್ಮಾವರದ ಆ ಹುಡುಗ, ನಾನು. ಮತ್ತೆ ಗಿರಿಜಕ್ಕ. ಅವಳಿಗೆ ಈಗ ಕಿವಿ ಕೇಳುವುದಿಲ್ಲ. ಅದಕ್ಕೇ ದಿನಾ ಸಂಜೆ ಅಂಗಡಿಯ ಬಾಗಿಲು ಹಾಕುವ ಮೊದಲು ಹೊಳೆಯ ಕಡೆ ತಿರುಗಿ ಒಂದು ಕೂ ಕೊಡುತ್ತಾಳೆ, ಯಾರಾದರೂ ಕರೆದಿದ್ದರೆ ಎಂದು.