ಹಿಂದೂಪುರಕ್ಕೆ ಹೋಗಿ ಬರುವ ಅಕ್ಷರ

ನಿನ್ನೆ ತವರಿನಲ್ಲಿದ್ದ ಹೆಂಡತಿಗೆ ಫೋನ್ ಮಾಡಿದರೆ ನನ್ನ ‘ಹಲೋ’ ನನ್ನ ಕಿವಿಗೇ ವಾಪಸ್ ಬಂತು. ನನ್ನ ದನಿ ಕರ್ಕಶವೆಂದು ಆಕೆ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ, ನಾನು ನಂಬಿರಲಿಲ್ಲ. ಆ ಹಲೋ ಕೇಳಿದ ಕೂಡಲೇ ನೆನಪಾದವಳು ಪದ್ಮಕ್ಕ.

ಕಲ್ಯಾಣದುರ್ಗದ ನೂಲಿನ ಡಿಪೋದಲ್ಲಿ ಆಕೆ ಟೈಪಿಸ್ಟ್, ನಾನು ಗುಮಾಸ್ತ. ತೊಂಬತ್ತರ ದಶಕದ ಶುರುವಿನಲ್ಲಿ ಟೈಪ್‌ರೈಟರ್ ಹೋಗಿ ಅದರ ಜಾಗಕ್ಕೆ ಪರದೆ, ಕೀಲಿಮಣೆ ಬಂದವು. ಕಂಪ್ಯೂಟರ್ ಮಾತ್ರ ಹಿಂದೂಪುರದ ಹೆಡ್ಡಾಫೀಸಿನಲ್ಲಿ. ನಡುವೆ ಟೆಲಿಫೋನ್ ತಂತಿ. ಇಲ್ಲಿ ಒತ್ತಿದ ಅಕ್ಷರ ಅಲ್ಲಿಗೆ ಹೋಗಿ, ವಾಪಸ್ ಬಂದ ಮೇಲೆಯೇ ನಮ್ಮ ಪರದೆಯಲ್ಲಿ ಮೂಡಬೇಕು. ಪದ್ಮಕ್ಕನ ಬೆರಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ಕಾಣಲಿಲ್ಲವೆಂದು ಮತ್ತೊಮ್ಮೆ ಒತ್ತುವಳು, ಎರಡೂ ಬಂದು ಕೂರುತ್ತಿದ್ದವು. ಅಳಿಸಿದ್ದೂ ತಡವಾಗಿಯೇ ಕಾಣುವುದರಿಂದ ಇನ್ನಷ್ಟು ಅಳಿಸುವಳು, ಸರಿಯಿದ್ದದ್ದೂ ಹೋಗುತ್ತಿತ್ತು.

“ಏನ್ ಕಣಪ್ಪ ಇದು, ನಾನಿಲ್ಲಿ ಕೆಮ್ಮಕ್ಕೂ ಹಿಂದೂಪುರದೋರ್ನ ಕೇಳ್ಬೇಕಾ?”

ನಗುವ ಹಾಗಿರಲಿಲ್ಲ. ತಿಂಗಳೊಳಗೆ ಕೆಲಸ ಹಿಡಿತಕ್ಕೆ ಬರದಿದ್ದರೆ ಆಕೆಗೆ ಹಿಂದೂಪುರಕ್ಕೆ ವರ್ಗ. ಗಂಡನದೋ ಗುಂಡಿಮಗ್ಗ, ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವಂಥದ್ದು. ಮಗ್ಗವನ್ನಾದರೂ ಬಿಚ್ಚಿ ಬಸ್ಸಿನ ಮೇಲೆ ಹಾಕಬಹುದು, ಗುಂಡಿಯನ್ನು ಏನು ಮಾಡುವುದು, ನೀವೇ ಹೇಳಿ.

ಕೊನೆಗೆ ಹೆಡ್ಡಾಫೀಸಿನ ಇಂಜಿನಿಯರ್ ಬಂದು, ಒತ್ತಿದ ಅಕ್ಷರ ತಕ್ಷಣ ಇಲ್ಲೇ ಕಾಣುವಂತೆ ಮಾಡಿ ಹೋದ. ಅಲ್ಲಿಂದ ವಾಪಸ್ ಬರುವುದನ್ನು ನಿಲ್ಲಿಸಲು ಮರೆತ. ಈಗ ಪ್ರತಿ ಅಕ್ಷರವೂ ಜೋಡಿಜೋಡಿ. ಪದ್ಮಕ್ಕ ಹೆಚ್ಚಾದದ್ದನ್ನು ಶ್ರದ್ಧೆಯಿಂದ ಅಳಿಸುತ್ತಾ ಹೋದಳು. ಹಿಂದೂಪುರಕ್ಕೆ ಮುಟ್ಟಿದ್ದು ಒಂದೊಂದೇ ಆದ್ದರಿಂದ ಅಲ್ಲಿ ಅಸಲಿಗೇ ಕತ್ತರಿ ಬಿತ್ತು. ಮಧ್ಯಾಹ್ನ ಇಂಜಿನಿಯರ್ ಫೋನಿನಲ್ಲಿ ಕಿರುಚಿದ: “ಅಮ್ಮಾ, ಸಗಂ ಪೇರ್ಲೇ ವಸ್ತುನ್ನಾಯಿ!” ನೂಲು ಪಡೆದ ನೇಕಾರರ ಹೆಸರುಗಳು ಅರ್ಧರ್ಧವೇ ಬರುತ್ತಿವೆಯಂತೆ.

ಪದ್ಮಕ್ಕನಿಗೆ ರೇಗಿಹೋಯಿತು. “ನಾ ಹೊಡ್ದಿದ್ನ ನಂಗೇ ಯಾಕ್ ಸಾರ್ ತಿರುಗಿ ಹೇಳ್ತೀರಾ? ತಪ್ಪಾದ್ರೆ ಇಲ್ಲೇ ತಿದ್ಕಂತೀನಿ. ನನ್ ಸಾಲು ಮುಗೀಲಿ, ಆಮೇಲೆ ತಗಳ್ರಿ.”

ಪ್ರತಿ ಅಕ್ಷರವನ್ನೂ ಕಂಪ್ಯೂಟರೇ ನೋಡಬೇಕು, ಅದು ಪದ್ಧತಿ ಎಂದ ಆತ.

“ಆಗ್ಲಿ ಬುಡಿ. ವರ್ಗ ಮಾಡುಸ್ಕಂಡು ನಾನೇ ಬತ್ತೀನಿ. ನಿಮ್ ಪಕ್ಕದಾಗೇ ಕುರ್ಚಿ ಹಾಕ್ಸಿ.”

ಸಂಜೆಯೊಳಗೆ ಪದ್ಧತಿ ಬದಲಾಯಿತು, ಸಾಲು ಪೂರ್ತಿಯಾದ ಮೇಲೆಯೇ ಹಿಂದೂಪುರಕ್ಕೆ ಹೋಗತೊಡಗಿತು. ಪದ್ಮಕ್ಕ ನಿವೃತ್ತಿಯಾಗುವವರೆಗೂ ಕಲ್ಯಾಣದುರ್ಗದಲ್ಲೇ ಇದ್ದಳು. ನನಗೆ ಆಗ ಆದ ಸಂತೋಷ ನನ್ನ ಸ್ವಂತ ಬಡ್ತಿಗೂ ಆಗಲಿಲ್ಲ.

ಹೆಂಡತಿ ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ನಾನೇ ತಿದ್ದಿ ಮುಗಿಸುವುದು ನನ್ನ ಹಳೆಯ ರೋಗ. ನಿನ್ನೆ ಆಕೆ, “ನಾಳೆ ಬರೋವಾಗ...” ಎಂದಳು. ‘ಹುಣಸೆಹಣ್ಣು ತಾನೇ?’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಎಂದಿನಂತೆ ನಾನು ಬಾಯಿ ಹಾಕುತ್ತೇನೆಂದು ಆಕೆಯೂ ಕಾದಳು. ಆಮೇಲೆ ಗಾಬರಿಯ ದನಿ: “ಹಲೋ, ಲೈನ್ ಹೋಗ್ಬುಡ್ತಾ? ಯಾಕ್ರೀ ಸುಮ್ಕಿದೀರಾ?”

“ಇದೀನಿ ಕಣೆ,” ಎಂದೆ. “ನಿನ್ ಸಾಲು ಮುಗೀಲಿ ಅಂತ.”

ಆ ಮಾತೂ ನನ್ನ ಕಿವಿಗೆ ವಾಪಸ್ ಬಂತು. ಈ ಸಲ ಅಷ್ಟೇನೂ ಕರ್ಕಶವಾಗಿರಲಿಲ್ಲ.