ಗೂಳಿಮಲ್ಲನ ಏರಿಯ ಮೇಲೆ ಬರಿಗಾಲು

ದುರ್ಗದಲ್ಲಿ ಹೊಸದುರ್ಗದ ಬಸ್ಸು ಹತ್ತಿದಾಗ ಬೆಳಗಿನ ಏಳು ಗಂಟೆ. ಹೆಂಗಸರಿಗೆಲ್ಲ ಪುಕ್ಕಟೆ ಪ್ರಯಾಣ. ಟಿಕೆಟ್ಟು ಕೊಂಡವರು ನಾನು ಮತ್ತು ಇನ್ನು ನಾಲ್ಕೈದು ಜನ ಪಾಪದ ಗಂಡಸರು. ಅದು ಸಾಲದೆಂದು ಕಂಡಕ್ಟರು ನನ್ನ ಉಳಿ–ಸುತ್ತಿಗೆಯ ಚೀಲವನ್ನು ಕಾಲಿನಿಂದ ಒತ್ತಿ ನೋಡಿ, "ಸಾಬ್ರೆ, ಇದರಾಗೆ ಗುಡ್ಡ ಇಟ್ಕಂಡೀರಾ? ಲಗೇಜ್ ಆಗತೈತೆ" ಅಂದ. "ಗುಡ್ಡ ಅಲ್ಲಪ್ಪ, ಗುಡ್ಡಕ್ಕೆ ಬುದ್ಧಿ ಹೇಳೋ ಸಾಮಾನು" ಅಂದೆ. ನಕ್ಕು ಮುಂದಕ್ಕೆ ಹೋದ.

ನಾನು ಕಲ್ಲಿನಲ್ಲಿ ಅಕ್ಷರ ಕೆತ್ತುವವನು. ನಮ್ಮ ಮನೆತನ ದುರ್ಗದಲ್ಲಿ ನೆಲೆನಿಂತು ಎಷ್ಟೋ ತಲೆಮಾರಾಯಿತು. ಮಷೀನು ಬಂದು ಅರ್ಧ ಕೆಲಸ ನುಂಗಿದೆ. ಆದರೂ ಕೈ ಉಳಿಯೇ ಬೇಕೆನ್ನುವವರು ಕರೆಯುತ್ತಾರೆ. ಈ ಸಲ ಕರೆದದ್ದು ಹೊಸದುರ್ಗದಾಚೆಯ ಗೂಳಿಮಲ್ಲಾಪುರದವರು. ಊರಿಗೆ ಹೆಸರು ಕೊಟ್ಟ ಪಾಳೆಯಗಾರ ಗೂಳಿಮಲ್ಲನಾಯಕನ ಪ್ರತಿಮೆಗೆ ಪೀಠದ ಕಲ್ಲು ಸಿದ್ಧವಿತ್ತು. ಐದನೆಯ ದಿನ ಅನಾವರಣ, ಅಷ್ಟರೊಳಗೆ ಎರಡು ಸಾಲು ಕೆತ್ತಬೇಕು.

ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಮಂಡಕ್ಕಿ, ಮೆಣಸಿನಕಾಯಿ ತಿಂದೆ. ಖಾರಕ್ಕೆ ಕಿವಿಯಲ್ಲಿ ಹೊಗೆ ಬಂತು. ಹೊಸದುರ್ಗದಲ್ಲಿ ಇಳಿದರೆ ಪ್ರತಿಮೆ ಸಮಿತಿಯ ಅಧ್ಯಕ್ಷ ತಿಪ್ಪೇಸ್ವಾಮಿ ಬೈಕು ತಂದು ಕಾಯುತ್ತಿದ್ದ. ಅವನ ಊರಿಗೆ ಕೆರೆ ಏರಿಯ ಮೇಲೇ ದಾರಿ. ಏರಿ ಶುರುವಾಗುವಲ್ಲಿ ಅವನು ಬೈಕು ನಿಲ್ಲಿಸಿ, ಚಪ್ಪಲಿ ಕಳಚಿ ಹ್ಯಾಂಡಲಿಗೆ ಸಿಕ್ಕಿಸಿಕೊಂಡ. ಗೇರು ಹಾಕಲು ತೊಡಕಾಗುತ್ತದೇನೋ ಅಂದುಕೊಂಡೆ.

ಕೆರೆ ನೋಡಿದರೆ ಕಣ್ಣು ತಣಿಯುತ್ತದೆ. ಒಂದು ಕಡೆ ನೀಲಿ ನೀರು, ಇನ್ನೊಂದು ಕಡೆ ಕಣ್ಣಳತೆ ಮೀರಿದ ತೆಂಗು. "ಎಲ್ಲಾ ನಾಯಕರ ಪುಣ್ಯ ಸಾಬ್ರೆ. ಅವರಿಲ್ಲದಿದ್ರೆ ನಮಗೆ ಅನ್ನ ಎಲ್ಲಿಂದ?" ಅಂದ ತಿಪ್ಪೇಸ್ವಾಮಿ. ಆ ಮಾತು ಸುಳ್ಳೇನಲ್ಲ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ಉಳಿ ಇಡುವ ಮೊದಲು ಕೆತ್ತಬೇಕಾದ ಮಾತನ್ನು ಊರ ಜನರ ಮುಂದೆ ಗಟ್ಟಿಯಾಗಿ ಓದಬೇಕು. ಯಾರಾದರೂ "ಇಲ್ಲ" ಅಂದರೆ ಅದು ತೀರ್ಮಾನವಾಗುವ ತನಕ ಉಳಿ ಏಳುವುದಿಲ್ಲ. ಕಾಗದದ ತಪ್ಪನ್ನು ಹರಿದು ಹಾಕಬಹುದು, ಕಲ್ಲಿನ ತಪ್ಪನ್ನು ಏನು ಮಾಡುತ್ತೀರಿ? ಹಾಗಾಗಿ ಪೀಠದ ಮುಂದೆ ಊರವರು ಸೇರಿದ ಮೇಲೆ ಓದಿದೆ: "ಪ್ರಜಾವತ್ಸಲ, ಪುಣ್ಯಪುರುಷ ಗೂಳಿಮಲ್ಲನಾಯಕರು ಪ್ರಜೆಗಳನ್ನು ಮಕ್ಕಳಂತೆ ಕಂಡು ಈ ಕೆರೆಯನ್ನು ಕಟ್ಟಿಸಿದರು."

"ಇಲ್ಲ" ಅಂತು ಒಂದು ದನಿ.

ಕೆಂಚಮ್ಮ ಎಂಬ ಮುದುಕಿ, ಕೂಲಿ ಮಾಡುವಾಕೆ. ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಕಟ್ಟಿಸಿದ್ದು ನಿಜ ಐತೆ. ಕಟ್ಟಿದೋರು ಯಾರು? ಮನೆಗೊಬ್ಬರನ್ನ ಕೂಲಿ ಕೊಡದೆ ಬಿಟ್ಟಿಗೆ ಎಳಕಂಡು ಬಂದ. ಮಳೇಲಿ ಏರಿ ಕುಸಿದು ನಮ್ಮೋರು ಒಳಗೇ ಹೂತೋದ್ರು. ಹೆಣ ತೆಗೀತೀವಿ ಧಣಿ ಅಂದ್ರೆ, ಕೆಲಸ ನಿಲ್ತೈತೆ, ಮ್ಯಾಲೆ ಮಣ್ಣು ಹಾಕ್ರಿ ಅಂದ. ಹಿಂಗೇನಪ್ಪ ಮಕ್ಕಳನ್ನ ಕಾಣೋದು?"

"ಇದಕ್ಕೆ ದಾಖಲೆ ಐತೇನಜ್ಜಿ?" ತಿಪ್ಪೇಸ್ವಾಮಿ ಸಿಡುಕಿದ.

"ದಾಖಲೆ ಬರೆಯೋರೂ ಅವನ ಉಪ್ಪು ತಿಂದೋರೇ ಅಲ್ವಾ? ಅವನ ಹೆಸರು ತೆಗೀರಿ ಅಂತ ನಾನು ಅಂದಿಲ್ಲ. ನಮ್ಮೋರದ್ದೂ ಒಂದು ಸಾಲು ಇರ್ಲಿ. ನಾನು ಹೋದ್ರೆ ಹೇಳೋರಿಲ್ಲ."

ಸಮಿತಿಯವರು ಒಪ್ಪಲಿಲ್ಲ. ನಾನು ಉಳಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದೆ. "ಹಿರಿಯೂರಿಂದ ಮಷೀನಿನೋರನ್ನ ಕರೆಸ್ತೀವಿ" ಅಂದರು. "ಕರೆಸ್ರಿ. ಮಷೀನಿಗೆ ಕಿವಿ ಇಲ್ಲ, ನನಗೈತೆ" ಅಂದೆ. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ಕೆಂಚಮ್ಮನೇ ಉಣ್ಣಲು ಕರೆದಳು. ರಾಗಿಮುದ್ದೆ, ಅವರೆಕಾಳಿನ ಸಾರು. ಬಡಿಸುತ್ತಾ ಹೇಳಿದಳು: "ಏರಿ ಮ್ಯಾಲೆ ನಾವು ಮೆಟ್ಟು ಹಾಕಂಡು ಹೋಗಲ್ಲ, ನಮ್ಮಜ್ಜಿ ಹೇಳಿದ್ದು. ಹೆಣದ ಮ್ಯಾಲೆ ಯಾರಾದ್ರೂ ಮೆಟ್ಟು ಮೆಟ್ತಾರಾ? ಊರೋರಿಗೆಲ್ಲ ಈ ಕಟ್ಟಳೆ ಇಲ್ಲ, ಸತ್ತೋರ ಮನೆತನಕ್ಕೆ ಮಾತ್ರ."

ನನಗೆ ಬೈಕಿನ ಹ್ಯಾಂಡಲಿಗೆ ತೂಗುತ್ತಿದ್ದ ಚಪ್ಪಲಿ ನೆನಪಾಯಿತು.

ಮೂರು ಗಂಟೆಗೆ ತಿಪ್ಪೇಸ್ವಾಮಿ ಮುಖ ಗಂಟು ಹಾಕಿಕೊಂಡೇ ನನ್ನನ್ನು ಬಸ್ಸಿಗೆ ಬಿಡಲು ಹೊರಟ. ಏರಿಯ ಬುಡದಲ್ಲಿ ಮತ್ತೆ ನಿಂತ, ಮತ್ತೆ ಚಪ್ಪಲಿ ಕಳಚಿದ.

"ಅದ್ಯಾಕ್ರಿ ಚಪ್ಪಲಿ ಬಿಡೋದು?" ಕೇಳಿದೆ.

"ನಮ್ಮಜ್ಜಿ ಹೇಳಿದ್ದು ಸಾಬ್ರೆ. ಏರಿ ಮ್ಯಾಲೆ ಮೆಟ್ಟು ಹಾಕಬಾರ್ದಂತೆ. ಯಾವ್ದೋ ದೇವರು ಇರಬೇಕು. ಯಾಕೆ ಅಂತ ನಾನೂ ಕೇಳಲಿಲ್ಲ."

"ಕೆಂಚಮ್ಮನ ಮನೆಯೋರೂ ಹಾಕಲ್ವಂತೆ. ಯಾಕೆ ಅಂತ ಅವರಜ್ಜಿ ಹೇಳ್ಯಾರೆ." ಕೇಳಿದ್ದನ್ನು ಒಂದಕ್ಷರ ಬಿಡದೆ ಅವನಿಗೆ ಹೇಳಿದೆ. "ದೇವರಲ್ಲ ತಿಪ್ಪೇಸ್ವಾಮಿ, ನಿಮ್ಮೋರು."

ಅವನು ಎಂಜಿನ್ ಆರಿಸಿದ. ತನ್ನ ಬರಿಗಾಲು ನೋಡಿಕೊಂಡ. ಆಮೇಲೆ ಬೈಕನ್ನು ಊರ ಕಡೆ ತಿರುಗಿಸಿದ.

ಸಂಜೆ ಸಮಿತಿಯವರು ಮತ್ತೆ ಸೇರಿದರು. ತಿಪ್ಪೇಸ್ವಾಮಿ ಚಪ್ಪಲಿಯ ಮಾತೆತ್ತಿದಾಗ ಗೊಣಗುತ್ತಿದ್ದವರಲ್ಲಿ ಇಬ್ಬರು ತಮ್ಮ ಕಾಲು ನೋಡಿಕೊಂಡರು. "ಪ್ರಜಾವತ್ಸಲ"ಕ್ಕೆ ಅವನೇ ಅಡ್ಡಗೀಟು ಹಾಕಿ, ಕೆಳಗೆ ಹೊಸ ಮಾತು ಬರೆದ. ಅದನ್ನು ಓದಲು ನಾನು ಕೈ ಚಾಚಿದರೆ ಕಾಗದ ಕೊಡಲಿಲ್ಲ. "ನಾನು ಓದ್ತೀನಿ" ಅಂದ.

"ಈ ಕೆರೆಯನ್ನು ಗೂಳಿಮಲ್ಲನಾಯಕರು ಕಟ್ಟಿಸಿದರು. ಬಿಟ್ಟಿಗೆ ಬಂದು ಸತ್ತ ನಮ್ಮವರು ಈ ಏರಿಯೊಳಗಿದ್ದಾರೆ."

ಎಲ್ಲರೂ ಕೆಂಚಮ್ಮನ ಕಡೆ ನೋಡಿದರು.

"ಹ್ಞೂಂ" ಅಂದಳು.

ಮರುದಿನ ಬೆಳಿಗ್ಗೆ ಎರಡನೆಯ ಸಾಲನ್ನೇ ಮೊದಲು ಕೆತ್ತಿದೆ. ಮನುಷ್ಯರ ಮನಸ್ಸು, ನಾಳೆ ಹೇಗೋ ಏನೋ! ನಾಲ್ಕನೆಯ ದಿನ ಕೆಲಸ ಮುಗಿಸಿ ಹೊರಟೆ. ಏರಿಯ ಬುಡದಲ್ಲಿ ತಿಪ್ಪೇಸ್ವಾಮಿ ಚಪ್ಪಲಿ ಕಳಚಿದ, ನಾನೂ ಕಳಚಿದೆ. ಆದರೆ ಅವನು ಬೈಕು ಹತ್ತಲಿಲ್ಲ. ಏರಿಯ ಉದ್ದಕ್ಕೂ ತಳ್ಳಿಕೊಂಡೇ, ಮೆಲ್ಲಗೆ ಹೆಜ್ಜೆ ಇಡುತ್ತಾ ನಡೆದ. ನಾನು ಹಿಂದೆ ಹಿಂದೆ ನಡೆದೆ. ದುರ್ಗದ ಬಸ್ಸು ತಪ್ಪಿತು. ತಪ್ಪಲಿ ಬಿಡಿ.